ಬ್ಯಾಕ್ಟೀರಿಯಾದ ಮೋಟಾರು ಯಾರ ಪರ ಸಾಕ್ಷಿ ಹೇಳುತ್ತದೆ?

ಜೀವಿಗಳನ್ನು ಯಾರೋ ಬುದ್ಧಿವಂತರು ಯೋಚಿಸಿ ರೂಪಿಸಿದ್ದಾರೆ ಎಂಬ 'ಇಂಟೆಲಿಜೆಂಟ್ ಡಿಸೈನ್' ವಾದಕ್ಕೆ ಉದಾಹರಣೆಗಳು ಹಲವು. ಆದರೆ ವಾದ ಬಿಗಿಯಾದಾಗ ಎಲ್ಲರೂ ಬಂದು ನಿಲ್ಲುವುದು ಬ್ಯಾಕ್ಟೀರಿಯಾದ ಕಶಾಂಗದ ಹತ್ತಿರ, ಅಂದರೆ ಅದು ಈಜಲು ತಿರುಗಿಸುವ ಬಾಲದಂಥ ಅಂಗದ ಹತ್ತಿರ. ಗಡಿಯಾರಕ್ಕೆ ತಯಾರಕನಿರುವಂತೆ ಜೀವಿಗಳಿಗೂ ಇರಬೇಕು ಎಂದು 1802ರಲ್ಲಿ ಇಂಗ್ಲಿಷ್ ಪಾದ್ರಿ ವಿಲಿಯಂ ಪೇಲಿ ಗಡಿಯಾರ ತೋರಿಸಿದರು. 1996ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಕಶಾಂಗ ತೋರಿಸಿದರು. ಅವರು ಹೇಳಿದ್ದಿಷ್ಟು: ಇದರ ಒಂದು ಭಾಗ ಕಿತ್ತರೂ ಇಡೀ ಯಂತ್ರ ನಿಲ್ಲುತ್ತದೆ, ಅರೆಬರೆ ಯಂತ್ರದಿಂದ ಜೀವಿಗೆ ಲಾಭವಿಲ್ಲ, ಆದ್ದರಿಂದ ಇದು ಹಂತ ಹಂತವಾಗಿ ವಿಕಾಸವಾಗಿರಲಾರದು. ಈ ಪ್ರಶ್ನೆಯನ್ನು ಗೇಲಿ ಮಾಡಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಕೇಳಿದ ಮೇಲೆ ಯಂತ್ರವನ್ನು ಬಿಚ್ಚಿ ನೋಡುವ ತಾಳ್ಮೆಯೂ ಬೇಕು.

ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾದ ಮೈ ಸುಮಾರು 2 ಮೈಕ್ರೋಮೀಟರ್ ಉದ್ದ. ಕಶಾಂಗದ ಎಳೆ ಅದಕ್ಕಿಂತ ಹಲವು ಪಟ್ಟು ಉದ್ದ, ದಪ್ಪ ಮಾತ್ರ ಸುಮಾರು 20 ನ್ಯಾನೋಮೀಟರ್. ಬುಡದಲ್ಲಿ ಮೋಟಾರು: ಒಳಪೊರೆಯಲ್ಲಿ ಫ್ಲಿ-ಎಫ್ ಪ್ರೋಟೀನಿನ ಉಂಗುರ, ಅದಕ್ಕೆ ಅಂಟಿಕೊಂಡು ಕೋಶದ ಒಳಭಾಗಕ್ಕೆ ಇನ್ನೊಂದು ಉಂಗುರ, ಸುತ್ತಲೂ ಮಾಟ್-ಎ ಮತ್ತು ಮಾಟ್-ಬಿ ಪ್ರೋಟೀನುಗಳು ಸೇರಿ ಆದ ಸ್ಟೇಟರುಗಳು, ಅಂದರೆ ಮೋಟಾರಿನ ತಿರುಗದೆ ನಿಲ್ಲುವ ಭಾಗಗಳು. ಹೊರಗಿನ ಪ್ರೋಟಾನುಗಳು ಸ್ಟೇಟರಿನ ಮೂಲಕ ಒಳಕ್ಕೆ ಹರಿದಾಗ ಉಂಗುರ ಸೆಕೆಂಡಿಗೆ ನೂರಾರು ಸಲ ತಿರುಗುತ್ತದೆ. ಪ್ರೋಟಾನಿನ ಬದಲು ಸೋಡಿಯಂ ಬಳಸುವ ವಿಬ್ರಿಯೋ ಜಾತಿಯೊಂದರಲ್ಲಿ 1700 ಸುತ್ತುಗಳವರೆಗೆ ಅಳೆದಿದ್ದಾರೆ.

ಯಂತ್ರಕ್ಕಿಂತ ಅದನ್ನು ಕಟ್ಟುವ ಕ್ರಮ ಇನ್ನೂ ಸೊಗಸು. ಮೊದಲು ಒಳಪೊರೆಯ ಉಂಗುರ, ಅದರ ನಡುವೆ ಪ್ರೋಟೀನುಗಳನ್ನು ಹೊರಗೆ ಕಳಿಸುವ ದ್ವಾರ. ಆಮೇಲೆ ಕಡ್ಡಿ, ಹೊರಪೊರೆಯ ಕಡೆಯ ಉಂಗುರಗಳು, ನಂತರ ಸುಮಾರು 55 ನ್ಯಾನೋಮೀಟರಿನ ಕೊಕ್ಕೆ, ಕೊನೆಯಲ್ಲಿ ಸುಮಾರು 20,000 ಫ್ಲಜೆಲಿನ್ ಪ್ರೋಟೀನುಗಳ ಎಳೆ. ಎಳೆ ನಮ್ಮ ಕೂದಲಿನಂತೆ ಬುಡದಿಂದ ಬೆಳೆಯುವುದಿಲ್ಲ. ಪ್ರತಿಯೊಂದು ಫ್ಲಜೆಲಿನ್ ಮಡಿಕೆ ಬಿಚ್ಚಿಕೊಂಡು, 2 ನ್ಯಾನೋಮೀಟರ್ ಅಗಲದ ಕೊಳವೆಯೊಳಗೆ ಸಾಗಿ, ತುದಿಯಲ್ಲಿರುವ ಫ್ಲಿ-ಡಿ ಟೋಪಿಯ ಅಡಿ ಸೇರಿಕೊಳ್ಳುತ್ತದೆ. ಕೊಕ್ಕೆಯ ಉದ್ದ ಸಾಕಾಯಿತೇ ಎಂದು ನೋಡಿಕೊಳ್ಳುವುದು ಫ್ಲಿ-ಕೆ. ಅದರ ಜೀನ್ ಕೆಟ್ಟರೆ ಕೊಕ್ಕೆ ಮಿತಿಮೀರಿ ಬೆಳೆಯುತ್ತಲೇ ಹೋಗುತ್ತದೆ, ಎಳೆ ಹುಟ್ಟುವುದೇ ಇಲ್ಲ. ಎಳೆಯ ಜೀನುಗಳನ್ನು ಚಾಲೂ ಮಾಡುವ ಫ್ಲಿ-ಎ ಪ್ರೋಟೀನನ್ನು ಫ್ಲಗ್-ಎಂ ಅಲ್ಲಿಯವರೆಗೆ ಹಿಡಿದಿಟ್ಟಿರುತ್ತದೆ. ಕೊಕ್ಕೆ ಮುಗಿದೊಡನೆ ಫ್ಲಗ್-ಎಂ ಅದೇ ಕೊಳವೆಯ ಮೂಲಕ ಹೊರಬೀಳುತ್ತದೆ, ಫ್ಲಿ-ಎ ಬಿಡುಗಡೆಯಾಗುತ್ತದೆ, ಫ್ಲಜೆಲಿನ್ ತಯಾರಿ ಶುರುವಾಗುತ್ತದೆ. ಇನ್ನು ಮಾಟ್-ಎ ಜೀನ್ ಕೆಟ್ಟರೆ ಕಶಾಂಗವೇನೋ ಪೂರ್ತಿ ಬೆಳೆಯುತ್ತದೆ, ಆದರೆ ತಿರುಗುವುದಿಲ್ಲ.

ಇದನ್ನೆಲ್ಲ ಓದಿದವರಿಗೆ 'ಯಾರೋ ಕೂತು ಯೋಚಿಸಿ ಮಾಡಿದ್ದು' ಅನ್ನಿಸುವುದು ಸಹಜ. ಒಂದೊಂದೇ ಜೀನ್ ಕೆಡಿಸಿದರೆ ಈಜು ನಿಲ್ಲುತ್ತದೆ ಎಂಬುದೂ ಪ್ರಯೋಗದಲ್ಲಿ ಕಂಡ ಸತ್ಯವೇ. ಆದರೆ ಆ ಪ್ರಯೋಗ ಹೇಳುವುದು ಇಂದಿನ ಯಂತ್ರದ ಬಗ್ಗೆ. ಅದು ಹೇಗೆ ಬಂತು ಎಂಬುದರ ಬಗ್ಗೆ ಅಲ್ಲ. ತಳಿವಿಜ್ಞಾನಿ ಹರ್ಮನ್ ಮುಲ್ಲರ್ 1918ರಲ್ಲೇ, ಅಂದರೆ ಬೀಹಿಗಿಂತ ಮುಕ್ಕಾಲು ಶತಮಾನಕ್ಕೂ ಮೊದಲೇ, ಇದನ್ನು ಬಿಡಿಸಿ ಹೇಳಿದ್ದರು. ಮೊದಲು ಕೇವಲ ಅನುಕೂಲಕ್ಕೆಂದು ಸೇರಿದ ಭಾಗ, ಉಳಿದ ಭಾಗಗಳು ಅದಕ್ಕೆ ಹೊಂದಿಕೊಂಡು ಬದಲಾದ ಮೇಲೆ ಬಿಡಲಾಗದ ಭಾಗವಾಗುತ್ತದೆ. ಹಾಗಾಗಿ 'ತೆಗೆದರೆ ನಿಲ್ಲುತ್ತದೆ' ಎಂಬುದು ವಿಕಾಸದ ಫಲವಾಗಿಯೇ ಬರಬಹುದಾದ ಸ್ಥಿತಿ. ಅದನ್ನೇ ವಿಕಾಸದ ವಿರುದ್ಧ ಪುರಾವೆ ಮಾಡಲಾಗದು.

ಇನ್ನು ಭಾಗಗಳ ನೆಂಟಸ್ತಿಕೆ ನೋಡಿ. ಕಶಾಂಗದ ರಫ್ತು ದ್ವಾರದಲ್ಲಿರುವ ಫ್ಲಿ-ಐ ಕಿಣ್ವ, ನಮ್ಮ ಮೈಟೊಕಾಂಡ್ರಿಯಾದಲ್ಲೂ ಎಟಿಪಿ ಎಂಬ ಕೋಶದ ಇಂಧನ ತಯಾರಿಸುವ ಕಿಣ್ವದ ಸಂಬಂಧಿ. ಮಾಟ್-ಎ, ಮಾಟ್-ಬಿ ಜೋಡಿಗೆ ಎಕ್ಸ್‌ಬಿ-ಬಿ, ಎಕ್ಸ್‌ಬಿ-ಡಿ ಎಂಬ ದಾಯಾದಿಗಳಿವೆ. ಅವೂ ಪ್ರೋಟಾನ್ ಹರಿವನ್ನೇ ಬಳಸುತ್ತವೆ, ಆದರೆ ಕಬ್ಬಿಣದಂಥ ಪೋಷಕಾಂಶಗಳನ್ನು ಒಳಗೆ ತರಲು. ಕಡ್ಡಿಯ ಮತ್ತು ಕೊಕ್ಕೆಯ ಪ್ರೋಟೀನುಗಳು ಪರಸ್ಪರ ಸೋದರರು. ಒಂದೇ ಜೀನ್ ನಕಲಾಗಿ ಬೇರೆಯಾದಾಗ ಕಾಣುವ ಗುರುತು ಅದು. ಬೇರೆ ಕಡೆ ಬೇರೆ ಕೆಲಸ ಮಾಡುತ್ತಿರುವ ಭಾಗಗಳನ್ನು 'ಪೂರ್ತಿ ಯಂತ್ರವಿಲ್ಲದೆ ನಿರುಪಯೋಗಿ' ಅನ್ನಲು ಬರುವುದಿಲ್ಲ.

ಇಲ್ಲಿ ವಿಕಾಸದ ಪರ ವಾದಿಸುವವರಿಗೂ ಒಂದು ಮಾತು. ಪ್ಲೇಗ್ ತರುವ ಯೆರ್ಸಿನಿಯಾದಲ್ಲಿ ಸಿರಿಂಜಿನಂಥ ಒಂದು ರಚನೆಯಿದೆ. ಅದರ ಬುಡ ಕಶಾಂಗದ ಬುಡವನ್ನು ಹೋಲುತ್ತದೆ. ಅದನ್ನು ತೋರಿಸಿ 'ಕಶಾಂಗ ಹುಟ್ಟಿದ್ದು ಇದರಿಂದಲೇ' ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಜೀನುಗಳ ವಂಶವೃಕ್ಷ ಸೂಚಿಸುವುದು ತದ್ವಿರುದ್ಧ: ಸಿರಿಂಜೇ ಕಶಾಂಗದಿಂದ ಬಂದದ್ದು. ಅದು ಸಾಬೀತು ಮಾಡುವುದು ಇಷ್ಟನ್ನೇ, ಕಶಾಂಗದ ಹಲವು ಭಾಗ ಕಳಚಿದರೂ ಉಳಿದದ್ದು ಇನ್ನೊಂದು ಕೆಲಸಕ್ಕೆ ಬರುತ್ತದೆ. ವಾದಕ್ಕೆ ಅಷ್ಟೇ ಸಾಕು. ಗಿಡಹೇನುಗಳ ಮೈಯೊಳಗೆ ಬದುಕುವ ಬುಕ್ನೆರಾ ಬ್ಯಾಕ್ಟೀರಿಯಾದಲ್ಲಿ ಫ್ಲಜೆಲಿನ್ ಜೀನೇ ಇಲ್ಲ, ಎಳೆಯೂ ಇಲ್ಲ. ಆದರೂ ಮೈತುಂಬ ನೂರಾರು ಕೊಕ್ಕೆ ಮತ್ತು ಬುಡಗಳಿವೆ.

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ಪುರಾವೆ ಬ್ಯಾಸಿಲಸ್ ಸಬ್ಟಿಲಿಸ್. ಅದಕ್ಕೆ ಹೊರಪೊರೆ ಇಲ್ಲ. ಆದ್ದರಿಂದ ಇ. ಕೋಲೈ ಕಶಾಂಗದಲ್ಲಿರುವ ಹೊರಗಿನ ಎರಡು ಉಂಗುರಗಳೂ ಇಲ್ಲ. ಅದರ ಕಶಾಂಗ ಚೆನ್ನಾಗಿಯೇ ತಿರುಗುತ್ತದೆ. ಒಂದರಲ್ಲಿ 'ಕಿತ್ತರೆ ನಿಲ್ಲುತ್ತದೆ' ಅನ್ನಿಸಿಕೊಂಡ ಭಾಗ ಇನ್ನೊಂದರಲ್ಲಿ ಮೊದಲಿಗೇ ಇಲ್ಲ.

ಪ್ರಯೋಗಶಾಲೆಯ ಮಾತಿಗೆ ಬಂದರೆ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಯೂಡೋಮೋನಾಸ್ ಫ್ಲೋರೆಸೆನ್ಸ್ ಬ್ಯಾಕ್ಟೀರಿಯಾದಿಂದ ಕಶಾಂಗದ ಮುಖ್ಯ ನಿಯಂತ್ರಕ ಜೀನನ್ನು ತೆಗೆದುಹಾಕಿದರು. ಹಸಿವಿನ ಒತ್ತಡದಲ್ಲಿ 96 ಗಂಟೆಯೊಳಗೆ ಕಶಾಂಗ ಮರಳಿ ಬಂತು. ಸಾರಜನಕ ಬಳಕೆಯನ್ನು ನಿಯಂತ್ರಿಸುವ ಪ್ರೋಟೀನೊಂದು ಎರಡು ಹಂತದ ರೂಪಾಂತರದಿಂದ ಆ ಕೆಲಸ ವಹಿಸಿಕೊಂಡಿತ್ತು. ಹೊಸ ಮೋಟಾರು ಹುಟ್ಟಿತು ಎಂದು ಇದನ್ನು ಹಿಗ್ಗಿಸಬಾರದು. ಭಾಗಗಳು ಮೊದಲೇ ಇದ್ದವು, ಬದಲಾದದ್ದು ಸ್ವಿಚ್ಚು.

ವಿನ್ಯಾಸವಾದದ ನಿಜವಾದ ದೌರ್ಬಲ್ಯ ಬೇರೆಯೇ ಇದೆ. ವಿನ್ಯಾಸ ಯಾವಾಗ ಆಯಿತು, ಯಾವ ವಿಧಾನದಿಂದ, ಯಾವ ಬ್ಯಾಕ್ಟೀರಿಯಾದಲ್ಲಿ ಮೊದಲು ಎಂಬ ಯಾವ ಪ್ರಶ್ನೆಗೂ ಅದರ ಬಳಿ ಪರೀಕ್ಷಿಸಬಹುದಾದ ಉತ್ತರವಿಲ್ಲ. ಈ ವಾದವನ್ನು ಶಾಲೆಯ ಜೀವಶಾಸ್ತ್ರ ತರಗತಿಗೆ ತಂದ ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿಯ ವಿರುದ್ಧದ ಪ್ರಕರಣದಲ್ಲಿ ಬೀಹಿ ಖುದ್ದು ಸಾಕ್ಷಿ ಹೇಳಿದರು. ಯಾವುದೇ ಜೈವಿಕ ವ್ಯವಸ್ಥೆಯ ವಿನ್ಯಾಸ ಹೇಗಾಯಿತೆಂದು ವಿವರವಾಗಿ ತೋರಿಸುವ ಪರಿಶೀಲಿತ ಸಂಶೋಧನಾ ಲೇಖನ ಇಲ್ಲವೆಂದು ಅಲ್ಲಿ ಒಪ್ಪಿಕೊಂಡರು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ ಎಂದು ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಕೊಟ್ಟರು.

ವಿಕಾಸ ಒಪ್ಪಿದರೆ ದೇವರನ್ನು ಬಿಟ್ಟಂತೆ ಎಂದು ಹೆದರುವ ಆಸ್ತಿಕ ಗೆಳೆಯರಿಗೆ ನಮ್ಮಲ್ಲೇ ಉತ್ತರವಿದೆ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃ ಇರಬೇಕು ಎಂದು ನೈಯಾಯಿಕರು (ನ್ಯಾಯ ದರ್ಶನದ ತಾರ್ಕಿಕರು), ಮುಖ್ಯವಾಗಿ ಉದಯನಾಚಾರ್ಯರು, ವಾದಿಸಿದರು. ಮೇಲುಕೋಟೆಯ ನಂಟಿನ ರಾಮಾನುಜರು ಅದನ್ನು ಒಪ್ಪಲಿಲ್ಲ. ಆ ತರ್ಕ ಹಿಡಿದರೆ ಕರ್ತೃವಿಗೆ ಮೈಯೂ ಬೇಕಾಗುತ್ತದೆ, ಕರ್ತೃ ಒಬ್ಬನೇ ಎಂದೂ ಸಿದ್ಧವಾಗುವುದಿಲ್ಲ ಎಂದರು. ಉಡುಪಿಯ ಮಧ್ವರಿಗೂ ಈಶ್ವರ ಗೊತ್ತಾಗುವುದು ಆಗಮದಿಂದ, ಅಂದರೆ ಶಾಸ್ತ್ರದಿಂದ, ಬರೀ ತರ್ಕದಿಂದಲ್ಲ. ಇಬ್ಬರೂ ಭಕ್ತಿಯಲ್ಲಿ ಯಾರಿಗೂ ಕಡಿಮೆ ಇರಲಿಲ್ಲ.

ಇದನ್ನು ಈಗ ಬರೆಯಲು ಕಾರಣ 2023ರ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ. ಅದರಿಂದ ವಿಕಾಸದ ಭಾಗ ಹೊರಬಿತ್ತು. ಹನ್ನೆರಡರಲ್ಲಿ ಉಳಿದಿದೆ, ಆದರೆ ಅದು ಜೀವಶಾಸ್ತ್ರ ಆರಿಸಿಕೊಂಡವರಿಗೆ ಮಾತ್ರ. ಮಕ್ಕಳ ಫೋನಿಗೆ ಕಶಾಂಗದ ಬಣ್ಣಬಣ್ಣದ ಅನಿಮೇಷನ್ ಮಾತ್ರ ಯಾವ ತರಗತಿಯನ್ನೂ ಕಾಯದೆ ಬರುತ್ತದೆ. ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ಅದನ್ನು ಅಳಿಸಿ ಅನ್ನಬೇಡಿ. ಪಕ್ಕದಲ್ಲಿ ಬ್ಯಾಸಿಲಸ್ ಕಶಾಂಗದ ಚಿತ್ರ ಬರೆದು, ಯಾವ ಎರಡು ಉಂಗುರ ಕಾಣಿಸುತ್ತಿಲ್ಲ, ಏಕೆ ಎಂದು ಕೇಳಿ.