ಗೀರು ಎಳೆದವರು ಯಾರು?

ಪ್ರಾಚೀನ ಇಟಲಿಯ ಎಟ್ರಸ್ಕನ್ ಜನರ ಕುಟುಂಬ ಸಮಾಧಿಗಳ ಬಗ್ಗೆ ಬಂದ ಲೇಖನವೊಂದರಲ್ಲಿ, ಅಲ್ಲಿನ ಮಡಕೆಗಳ ಮೇಲಿನ ಗೀರುಗಳೆಲ್ಲ ಸತ್ತವರ ಹೆಸರಿನ ಗುರುತು ಎಂದು ಲೇಖಕರು ಒಂದೇ ಏಟಿಗೆ ಹೇಳಿಬಿಟ್ಟಿದ್ದಾರೆ. ಒಪ್ಪುವುದು ಕಷ್ಟ. ಇಟಲಿಯ ಚೆರ್ವೆತೆರಿ ಪಟ್ಟಣದ ರೆಗೊಲೀನಿ-ಗಲಾಸ್ಸಿ ಎಂಬ ಎಟ್ರಸ್ಕನ್ ಸಮಾಧಿಯ ಬೆಳ್ಳಿ ಪಾತ್ರೆಗಳ ಮೇಲೆ ‘ಲಾರ್ಥಿಯಾ’ ಎಂಬ ಹೆಸರು ಕೊರೆದಿರುವುದು ನಿಜ, ಅದು ಒಡೆತನದ ಗುರುತೇ ಸರಿ. ಆದರೆ ಅಥೆನ್ಸಿನಿಂದ ಹಡಗೇರಿ ಬಂದ ಚಿತ್ರಿತ ಹೂಜಿಗಳನ್ನು ಮಗುಚಿ ನೋಡಿ: ತಳದಲ್ಲಿ ಒಂದೆರಡು ಗ್ರೀಕ್ ಅಕ್ಷರ, ಕೆಲವೊಮ್ಮೆ ಬೆಲೆ, ಎಣಿಕೆ. ಅದು ವ್ಯಾಪಾರಿಯ ಲೆಕ್ಕ. ಹೂಜಿಯನ್ನು ಸಮಾಧಿಯಲ್ಲಿಟ್ಟ ಮನೆತನಕ್ಕೂ ಅದಕ್ಕೂ ಏನು ಸಂಬಂಧ?

ಕ್ರಿ.ಪೂ. 6ನೇ ಶತಮಾನದ ಉತ್ತರಾರ್ಧದ ಇಂಥ ಹಲವು ಹೂಜಿಗಳಲ್ಲಿ ಗ್ರೀಕ್ ಅಕ್ಷರಗಳಲ್ಲಿ ‘ಸೋ’ ಎಂಬ ಗುರುತಿದೆ. ಲಾಭ ಗಳಿಸುವುದರಲ್ಲಿ ಗ್ರೀಸಿನ ಈಜೈನಾ ದ್ವೀಪದ ವ್ಯಾಪಾರಿ ಸೊಸ್ತ್ರಾತೊಸ್‌ಗೆ ಸರಿಸಾಟಿಯಾದವರಿಲ್ಲ ಎಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಎಟ್ರಸ್ಕನ್ ನಗರ ತಾರ್ಕ್ವಿನಿಯಾದ ಬಂದರಾಗಿದ್ದ ಗ್ರವಿಸ್ಕಾದಲ್ಲಿ ಅದೇ ಹೆಸರಿನವನು ಈಜೈನಾದ ಅಪೊಲೊ ದೇವರಿಗೆ ಅರ್ಪಿಸಿದ ಕಲ್ಲಿನ ಲಂಗರು ಸಿಕ್ಕಿದೆ. ‘ಸೋ’ ಗುರುತಿನವನು, ಹೆರೊಡೊಟಸ್ ಹೇಳಿದವನು, ಲಂಗರು ಅರ್ಪಿಸಿದವನು, ಮೂವರೂ ಒಬ್ಬನೇ ಎಂದು ಹಲವು ವಿದ್ವಾಂಸರ ಊಹೆ. ಪುರಾವೆ ಪೂರ್ತಿಯಲ್ಲ, ಆದರೂ ನನಗಂತೂ ಹಿಡಿಸಿದೆ. ಇಷ್ಟು ಸ್ವಾರಸ್ಯವಾದ ಸಂಗತಿಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ!

‘ಸೂಥಿನಾ’ ಎಂಬ ಎಟ್ರಸ್ಕನ್ ಪದ ಕೊರೆದ ಪಾತ್ರೆಗಳು ಮತ್ತೊಂದು ಬಗೆ. ‘ಇದು ಸಮಾಧಿಯದು’ ಎಂಬುದಷ್ಟೇ ಅಲ್ಲಿನ ಸೂಚನೆ, ವ್ಯಕ್ತಿಯ ಹೆಸರಲ್ಲ.

ಇನ್ನೊಂದು ಮಾತು. ಹಸಿ ಮಣ್ಣಿನಲ್ಲಿ ಎಳೆದ ಗೆರೆಯ ಅಂಚು ಮೃದುವಾಗಿರುತ್ತದೆ, ಸುಟ್ಟ ಮೇಲೆ ಗೀರಿದರೆ ಚಕ್ಕೆ ಏಳುತ್ತದೆ. ಮೊದಲನೆಯದು ಕುಂಬಾರನ ಅಂಗಳದ್ದು, ಎರಡನೆಯದು ಆಮೇಲೆ ಯಾರದ್ದೂ ಆಗಬಹುದು. ಲೇಖನದ ಚಿತ್ರಗಳನ್ನು ಹತ್ತಿರದಿಂದ ತೆಗೆದು ಮತ್ತೆ ಹಾಕಿದರೆ ಓದುಗರೇ ನೋಡಿಕೊಳ್ಳಬಹುದು.