ದಿಬ್ಬದ ಮೇಲೊಂದು ಮಂಟಪ

'ವಿಕ್ಟೋರಿಯನ್ ಶೈಲಿಯಲ್ಲಿ ಬದುಕಿರಿ' ಎಂದು ಅಪಾರ್ಟ್‌ಮೆಂಟ್ ಮಾರುವವರೊಬ್ಬರು ವಾರಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ವಿಕ್ಟೋರಿಯಾ ಮಹಾರಾಣಿಯ ಲಂಡನ್ನಿನಲ್ಲಿ ಎಷ್ಟೋ ಸಂಸಾರಗಳು ಒಂದೊಂದೇ ಕೋಣೆಯಲ್ಲಿದ್ದವು, ನನಗೂ ಅದೇ ಕೊಡುತ್ತೀರಾ ಎಂದು ಕೇಳಿದೆ. "ಇಲ್ಲ ಸರ್, ಮೂರು ಬೆಡ್‌ರೂಮ್" ಎಂದರು. ಪಾಪ, ಅವರಿಗೆ ಓಲ್ಡ್ ನಿಕೋಲ್ ಗೊತ್ತಿಲ್ಲ.

ಪೂರ್ವ ಲಂಡನ್ನಿನ ಆ ಕೇರಿಯಲ್ಲಿ ಹುಟ್ಟಿದ ನಾಲ್ಕು ಕೂಸುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿತ್ತು. ಬಾಡಿಗೆ ಮಾತ್ರ ಮೈಕೈ ತುಂಬಿಕೊಂಡು ಬೆಳೆಯುತ್ತಿತ್ತು. ಘನ ಅಡಿಯ ಲೆಕ್ಕ ಹಿಡಿದರೆ ಸಿರಿವಂತರ ವೆಸ್ಟ್ ಎಂಡ್‌ನ ಬಂಗಲೆಗಳಿಗಿಂತ ದುಬಾರಿ! ಮಾಲೀಕರೇನು ಕಳ್ಳಕಾಕರೇ? ಛೇ, ಲಾರ್ಡ್‌ಗಳಿದ್ದರು, ಪಾದ್ರಿಗಳಿದ್ದರು. ಗಲೀಜಿನ ಮೇಲೆ ಕ್ರಮ ಕೈಗೊಳ್ಳಬೇಕಾದ ವೆಸ್ಟ್ರಿಯ, ಅಂದರೆ ಅಂದಿನ ಸ್ಥಳೀಯ ಆಡಳಿತದ, ಸದಸ್ಯರೂ ಇದ್ದರು. ಬೇಲಿಯೇ ಹೊಲ ಮೇಯ್ದಿತು ಎಂದರೆ ಬೇಲಿಗೆ ಅವಮಾನ. ಬೇಲಿ ಹೊಲದಿಂದ ಬಾಡಿಗೆ ಕೇಳುವುದಿಲ್ಲ.

1884ರಲ್ಲಿ ಬಡವರ ವಸತಿಯ ಬಗ್ಗೆ ರಾಯಲ್ ಕಮಿಷನ್, ಅಂದರೆ ಸರ್ಕಾರಿ ವಿಚಾರಣಾ ಆಯೋಗ, ನೇಮಕವಾಯಿತು. ಯುವರಾಜ ಎಡ್ವರ್ಡ್ ಅದರ ಸದಸ್ಯ. ಅದೇ ವರ್ಷ ಆತ, ನಮ್ಮ ಅಜ್ಜಿಕಥೆಗಳ ರಾಜರಂತೆ, ಮಾರುವೇಷದಲ್ಲಿ ಸೇಂಟ್ ಪ್ಯಾಂಕ್ರಾಸ್, ಹೋಲ್‌ಬರ್ನ್ ಗಲ್ಲಿಗಳನ್ನು ಸುತ್ತಿದ. ಒಂದು ಕೋಣೆಯಲ್ಲಿ ಚಿಂದಿಯ ರಾಶಿಯ ಮೇಲೆ ನಡುಗುತ್ತಿದ್ದ ತಾಯಿ, ಮೈಮೇಲೆ ಬಟ್ಟೆಯಿಲ್ಲದ ಮೂವರು ಮಕ್ಕಳು. ಕರಗಿದ ಯುವರಾಜ ಜೇಬಿನಿಂದ ಹಿಡಿ ಚಿನ್ನದ ನಾಣ್ಯ ತೆಗೆದ. ಜೊತೆಗಿದ್ದವರು ತಡೆದರು, ಕೇರಿಗೆ ಸುದ್ದಿ ಹಬ್ಬಿದರೆ ಜನ ಮುತ್ತಿಕೊಂಡಾರು ಎಂಬ ಭಯ. ಚಿನ್ನ ಕ್ಷೇಮವಾಗಿ ಜೇಬಿಗೆ ಮರಳಿತು. ಯುವರಾಜ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಹೋಗಿ ಮರುಗಿ ಮಾತನಾಡಿದ. ಬೆಳಗಾದ ಮೇಲೆ ಆ ತಾಯಿಯನ್ನು ಆಸ್ಥಾನಕ್ಕೆ ಕರೆಸುವ ಭಾಗ ಈ ಕಥೆಯಲ್ಲಿ ಇಲ್ಲ.

1890ರ ದಶಕದಲ್ಲಿ ನಿಕೋಲನ್ನು ಕೆಡವಿ ಬೌಂಡರಿ ಎಸ್ಟೇಟ್ ಎಂಬ ವಸತಿ ಸಮುಚ್ಚಯ ಕಟ್ಟಿದರು. 1900ರಲ್ಲಿ ಉದ್ಘಾಟಿಸಿದ್ದೂ ಅದೇ ಯುವರಾಜ. ಗಾಳಿ, ಬೆಳಕು, ಕೆಂಪು ಇಟ್ಟಿಗೆ. ಚೆಂದವಾಗಿಯೇ ಕಟ್ಟಿದ್ದಾರೆ, ಸುಳ್ಳೇಕೆ ಹೇಳಲಿ? ಆದರೆ ಬಾಡಿಗೆ ಹಳಬರ ಕೈಗೆಟುಕಲಿಲ್ಲ. ಒಕ್ಕಲೆಬ್ಬಿಸಿದ್ದು ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು, ಹೊಸ ಮನೆ ಸಿಕ್ಕಿದ್ದು 11 ಮಂದಿಗೆ. ಮುದ್ರಣದೋಷವಲ್ಲ, ಹನ್ನೊಂದೇ. ಉಳಿದವರು ಗಂಟುಮೂಟೆ ಹೊತ್ತು, ಆಗಲೇ ಉಸಿರುಗಟ್ಟುತ್ತಿದ್ದ ಪಕ್ಕದ ಕೇರಿಗಳಿಗೆ ನುಗ್ಗಿದರು. ತಮಾಷೆ ಮಾಡಲು ಹೊರಟವನಿಗೆ ಇಲ್ಲಿ ನಗು ಬರುತ್ತಿಲ್ಲ. ಜನರನ್ನು ಅಟ್ಟಿ, ಅದಕ್ಕೆ ಕೊಳೆಗೇರಿ ಸುಧಾರಣೆ ಎಂದು ಹೆಸರಿಟ್ಟರು, ಅಷ್ಟೆ.

ಕೆಡವಿದ ಮನೆಗಳ ಅವಶೇಷವನ್ನು ಮಾತ್ರ ಹೊರಗೆ ಹಾಕಲಿಲ್ಲ. ಅದನ್ನು ನಡುವೆ ದಿಬ್ಬವಾಗಿ ಪೇರಿಸಿ ತೋಟ ಬೆಳೆಸಿದರು. ಮುಂದೆ ಬ್ಯಾಂಡ್ ನುಡಿಸಲು ಅದರ ಮೇಲೊಂದು ಮಂಟಪವನ್ನೂ ಕಟ್ಟಿಸಿದರು.