ಕ್ರಿಯಾಪದ ಮೊದಲು, ಕಸ ಆಮೇಲೆ

ಜರ್ಮನ್ ಭಾಷೆಯಲ್ಲಿ ಹೌದು-ಅಲ್ಲ ಅನ್ನುವ ಉತ್ತರದ ಪ್ರಶ್ನೆ ಕೇಳಬೇಕಾದರೆ ಕ್ರಿಯಾಪದವನ್ನು ಎತ್ತಿ ಎಲ್ಲಕ್ಕಿಂತ ಮುಂದೆ ಕೂರಿಸಬೇಕು. ಅಷ್ಟೇ ನಿಯಮ. 'ನೀನು ಬರ್ತೀಯ' ಅನ್ನೋದಕ್ಕೆ 'ದು ಕೊಮ್ಸ್ಟ್'. 'ಬರ್ತೀಯಾ?' ಅನ್ನೋದಕ್ಕೆ 'ಕೊಮ್ಸ್ಟ್ ದು?'. ಪುಸ್ತಕದಲ್ಲಿ ಎರಡು ಸಾಲಿಗೆ ಮುಗಿಯುವ ಈ ನಿಯಮದ ದೆಸೆಯಿಂದ ನಮ್ಮ ಬಾಲ್ಕನಿಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಪೂರ್ತಿ ರಟ್ಟಿನ ಪೆಟ್ಟಿಗೆಗಳು. ಇನ್ನೊಂದು ತಿಂಗಳು ಅವು ಅಲ್ಲೇ ಇರುತ್ತವೆ.

ಹೇಗೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು, ನಮ್ಮ ಕಡೆಯ ಕಷ್ಟ ಸ್ವಲ್ಪ ಕೇಳಿ.

ಕನ್ನಡದವರಿಗೆ ಕ್ರಿಯಾಪದ ಅಂದರೆ ಕೊನೆಗೆ ಬರುವ ಗಿರಾಕಿ. ಅದರಲ್ಲಿರುವ ಸುಖ ನಮಗೇ ಗೊತ್ತು. 'ಈ ಶನಿವಾರ ನಿಮ್ಮ ಕಾರು...' ಅಂತ ರಾಗ ಎಳೆಯುತ್ತಾ ಎದುರಿನವರ ಮುಖ ನೋಡಬಹುದು. ಮುಖ ಅರಳಿದರೆ 'ಸಿಗುತ್ತಾ?' ಅನ್ನುವುದು. ಗಂಟಿಕ್ಕಿದರೆ 'ಹೊರಗೆ ತೆಗೀಬೇಡಿ, ಜೋರು ಮಳೆಯಂತೆ' ಅಂತ ಮುಗಿಸಿ ಎದ್ದು ಬರುವುದು. ಜರ್ಮನ್ನಿನಲ್ಲಿ ಈ ಹಿಂದಿನ ಬಾಗಿಲೇ ಇಲ್ಲ. ಬಾಯಿ ತೆರೆದ ಕೂಡಲೇ ಕ್ರಿಯಾಪದ ಬೀಳಬೇಕು. ಅದೂ ಸುಮ್ನೆ ಬೀಳುವ ಹಾಗಿಲ್ಲ, ನಾನೋ ನೀನೋ ಅವರೋ ಅಂತ ಮೊದಲೇ ಲೆಕ್ಕ ಹಾಕಿ, ಅದಕ್ಕೆ ತಕ್ಕ ಬಾಲ ಅಂಟಿಸಿಕೊಂಡು ಬರಬೇಕು. ಬೇಕರಿಯಲ್ಲಿ ನಾನು ಆ ಬಾಲ ಹುಡುಕುವಷ್ಟರಲ್ಲಿ ಹಿಂದಿನವರು ಬ್ರೆಡ್ ತಗೊಂಡು, ಚಿಲ್ಲರೆ ಎಣಿಸಿಕೊಂಡು ಹೋಗಿರುತ್ತಾರೆ.

ಬೆಂಗಳೂರಿನಲ್ಲಿ ಏ-ಒನ್, ಅಂದರೆ ಜರ್ಮನ್ನಿನ ಮೊದಲ ಹಂತದ ಪರೀಕ್ಷೆ ಬರೆದಾಗ ಎಲ್ಲ ಸಲೀಸಾಗಿತ್ತು. ಮಾತಿನ ಪರೀಕ್ಷೆಯಲ್ಲಿ ಒಂದು ಚೀಟಿ ಎತ್ತಬೇಕು. 'ಊಟ-ತಿಂಡಿ' ವಿಷಯ, ಚೀಟಿಯಲ್ಲಿ 'ಭಾನುವಾರ' ಅಂತಿತ್ತು. 'ಭಾನುವಾರ ನೀವು ಏನು ತಿಂತೀರಿ?' ಅಂತ ಪಕ್ಕದವರನ್ನು ಕೇಳಿದೆ. 'ಬಿರಿಯಾನಿ' ಅಂದರು. ಇಬ್ಬರೂ ಪಾಸು. ಇಲ್ಲಿ ಬಂದ ಮೇಲೆ ಇವತ್ತಿನವರೆಗೂ ಯಾರನ್ನೂ ಭಾನುವಾರ ಏನು ತಿಂತೀರಿ ಅಂತ ಕೇಳುವ ಸಂದರ್ಭ ಬಂದಿಲ್ಲ. ಬಂದಿದ್ದು ಕಸದ ಪ್ರಶ್ನೆ.

ನಾವಿರುವುದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಹಸಿ ಕಸಕ್ಕೊಂದು ಡಬ್ಬ, ಪೇಪರು-ರಟ್ಟಿಗೊಂದು ಡಬ್ಬ, ಉಳಿದದ್ದಕ್ಕೆ ಇನ್ನೊಂದು. ಪೇಪರಿನ ನೀಲಿ ಡಬ್ಬವನ್ನು ನಾಲ್ಕು ವಾರಕ್ಕೊಮ್ಮೆ ಮಾತ್ರ ಒಯ್ಯುತ್ತಾರೆ. ಬೆಳಿಗ್ಗೆ ಆರಕ್ಕೆ ಮೊದಲು ರಸ್ತೆ ಬದಿಗೆ ಇಟ್ಟಿರಬೇಕು. ಯಾವ ದಿನ ಅಂತ ವರ್ಷದ ಕ್ಯಾಲೆಂಡರ್ ಕೊಡುತ್ತಾರೆ. ಅದನ್ನು ಮಗಳು ಬಣ್ಣ ಬಳಿದು ಹಾಳು ಮಾಡಿದ್ದಾಳೆ.

ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಯಾವುದೋ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಒಳ್ಳೆಯವರೇ. ಕ್ರಿಸ್‌ಮಸ್‌ಗೆ ತಾವೇ ಮಾಡಿದ ಬಿಸ್ಕತ್ತು ಕೊಡುತ್ತಾರೆ. ಆದರೆ ಅವರದೊಂದು ಚಟ. ನನ್ನ ಪ್ರಶ್ನೆಯಲ್ಲಿ ತಪ್ಪಿದ್ದರೆ ಉತ್ತರ ಕೊಡುವುದಿಲ್ಲ. ತಪ್ಪು ತುಂಬಿದ ಫಾರಮ್ಮನ್ನು ಕಿಂಡಿಯಿಂದ ವಾಪಸ್ ತಳ್ಳುವ ಹಾಗೆ, ಪ್ರಶ್ನೆಯನ್ನು ತಿದ್ದಿ ನನಗೇ ವಾಪಸ್ ಕೊಡುತ್ತಾರೆ. ನಾನು ತಿದ್ದಿದ್ದನ್ನು ಒಪ್ಪಿಸಬೇಕು. ಒಪ್ಪಿಸಿದ ಮೇಲೆ 'ಜೂಪರ್!' ಅಂತಾರೆ. ಎಷ್ಟೋ ಸಲ ಆ 'ಜೂಪರ್'ನ ಸಂತೋಷದಲ್ಲಿ ಇಬ್ಬರಿಗೂ ಉತ್ತರದ ವಿಷಯ ಮರೆತುಹೋಗಿ, ಅವರು ಒಳಗೆ ಹೋಗಿರುತ್ತಾರೆ, ನಾನು ಮೆಟ್ಟಿಲು ಹತ್ತಿರುತ್ತೇನೆ. ಅಂಚೆಯವನು ನಮ್ಮ ಪಾರ್ಸೆಲ್ ನಿಮ್ಮ ಹತ್ತಿರ ಕೊಟ್ಟನಾ ಅಂತ ಕೇಳಲು ಹೋಗಿ ಪಾರ್ಸೆಲ್ ಇಲ್ಲದೆ, ಶುದ್ಧವಾದ ವಾಕ್ಯದೊಂದಿಗೆ ವಾಪಸ್ ಬಂದದ್ದುಂಟು.

ನಿನ್ನೆ ಬೆಳಗಿನ ಜಾವ ಅಜ್ಜಿ ಗೇಟಿನ ಹತ್ತಿರ ನಿಂತಿದ್ದರು. 'ಇವತ್ತು ನೀಲಿ ಡಬ್ಬ ತಗೊಂಡು ಹೋಗ್ತಾರಾ?' ಅಂತ ಕೇಳಬೇಕಿತ್ತು. ತಗೊಂಡು ಹೋಗುವುದಕ್ಕೆ ಪದ 'ಅಪ್‌ಹೋಲನ್'. ಇದು ಎರಡು ತುಂಡಾಗುವ ಜಾತಿಯದು. 'ಹೋಲನ್' ವಾಕ್ಯದ ತಲೆಗೆ ಹೋಗಬೇಕು, 'ಅಪ್' ಬಾಲಕ್ಕೆ. ನಡುವೆ ಡಬ್ಬ, ದಿನ, ಜನ ಎಲ್ಲ. ನಿದ್ದೆಗಣ್ಣಿನಲ್ಲಿ ನಾನು ಇಡೀ 'ಅಪ್‌ಹೋಲನ್' ಎತ್ತಿ ಮುಂದಿಟ್ಟೆ. ಅಜ್ಜಿ ಬೆರಳು ಎತ್ತಿದರು. 'ಹೋಲನ್...' ಅಂದು, ಕೈಯನ್ನು ಗಾಳಿಯಲ್ಲಿ ನಿಧಾನವಾಗಿ ಎಡದಿಂದ ಬಲಕ್ಕೆ ಒಯ್ದು, ಕೊನೆಯಲ್ಲಿ ಒಂದು ಮೊಳೆ ಹೊಡೆದ ಹಾಗೆ 'ಅಪ್!' ಅಂದರು.

ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಒಪ್ಪಿಸಿದೆ: 'ಹೋಲನ್ ಜೀ ಹೊಯ್ಟೆ ದೀ ಬ್ಲಾವೆ ಟೋನೆ ಅಪ್?'

ವ್ಯಾಕರಣದಲ್ಲಿ ಒಂದು ಕೂದಲೂ ಅಲುಗುವ ಹಾಗಿಲ್ಲ. ಕಷ್ಟ ಏನಪ್ಪಾ ಅಂದರೆ, ಜರ್ಮನ್ನಿನಲ್ಲಿ 'ಅವರು' ಅನ್ನುವುದಕ್ಕೂ 'ಜೀ', ಗೌರವದ 'ನೀವು' ಅನ್ನುವುದಕ್ಕೂ 'ಜೀ'. ಬರೆಯುವಾಗ ಗೌರವದ್ದಕ್ಕೆ ದೊಡ್ಡಕ್ಷರ ಹಾಕುತ್ತಾರೆ, ಗೊತ್ತಾಗುತ್ತದೆ. ಬಾಯಲ್ಲಿ ದೊಡ್ಡಕ್ಷರ ಎಲ್ಲಿಂದ ತರುವುದು? ಕ್ರಿಯಾಪದವೂ ಎರಡಕ್ಕೂ ಒಂದೇ. ಹಾಗಾಗಿ ಬೆಳಗಿನ ಚಳಿಯಲ್ಲಿ ನಿಂತು ನಾನು ಎಂಬತ್ತರ ಆಸುಪಾಸಿನ ಅಜ್ಜಿಯನ್ನು ಕೇಳಿದ್ದು ಏನೆಂದರೆ, 'ಇವತ್ತು ನೀಲಿ ಡಬ್ಬ ನೀವು ತಗೊಂಡು ಹೋಗ್ತೀರಾ?'

ಅಜ್ಜಿ ಎದೆ ಮುಟ್ಟಿಕೊಂಡರು. 'ನಾನಾ?'

ಗಾಬರಿಯಲ್ಲಿ ನಾನು 'ಯಾ, ಯಾ' ಅಂದೆ, ಹೌದು ವಾಕ್ಯ ಸರಿಯಾಯಿತಲ್ಲ ಅನ್ನುವ ಅರ್ಥದಲ್ಲಿ. ಅವರು ನೀಲಿ ಡಬ್ಬವನ್ನೊಮ್ಮೆ, ತಮ್ಮ ಮೊಣಕಾಲನ್ನೊಮ್ಮೆ ನೋಡಿಕೊಂಡರು. ಇದು ತನ್ನ ಕೆಲಸವಲ್ಲ, ಅದಕ್ಕೆ ಬೇರೆ ಜನ ಇದ್ದಾರೆ, ತನಗೆ ಕಳೆದ ವರ್ಷವಷ್ಟೇ ಆಪರೇಷನ್ ಆಗಿದೆ ಅಂತ ತುಂಬಾ ತಾಳ್ಮೆಯಿಂದ ವಿವರಿಸಿದರು. ಆಪರೇಷನ್ನಿನ ಕತೆ ಅರ್ಧಕ್ಕೆ ಬರುವಾಗ ಕಸದ ಲಾರಿ ತಿರುವಿನಲ್ಲಿ ಬಂತು. ಪಕ್ಕದ ಮನೆಯ ಡಬ್ಬ ಎತ್ತಿ, ಖಾಲಿ ಮಾಡಿ ಇಟ್ಟು, ನಮ್ಮ ಗೇಟಿನ ಮುಂದೆ ಏನೂ ಕಾಣದೆ ಹಾಗೇ ಹೋಯಿತು. 'ನೋಡಿ, ಅವರೇ' ಅಂತ ಅಜ್ಜಿ ಲಾರಿಯ ಕಡೆ ಬೆರಳು ತೋರಿಸಿದರು.

ಎಲ್ಲ ಪ್ರಶ್ನೆಯೂ ಹೀಗೆ ಕೈಕೊಡುತ್ತದೆ ಅಂತಲ್ಲ. ಕೆಲವು ಕಡೆ ನಮಗೇ ಲಾಭ. 'ವೋ, ವೋಹಿನ್, ವೋಹೇರ್' ಅಂತ ಮೂರು ಯಾಕೆ ಅಂತ ಇಂಗ್ಲಿಷಿನವರು ಕ್ಲಾಸಿನಲ್ಲಿ ಗೋಳಾಡುತ್ತಿದ್ದರು. ಎಲ್ಲಿ, ಎಲ್ಲಿಗೆ, ಎಲ್ಲಿಂದ, ಅಷ್ಟೇ ಅಲ್ವಾ? 'ವೇಮ್' ಅಂದರೆ ಯಾರಿಗೆ, 'ವೇನ್' ಅಂದರೆ ಯಾರನ್ನು. ನಾನು ಹಿಂದಿನ ಬೆಂಚಿನಲ್ಲಿ ಆರಾಮಾಗಿ ಕೂತಿದ್ದೆ.

ಇನ್ನೊಂದು ಗುಟ್ಟು. 'ಹೇಳ್ತೀರಾ' ಅಂತ ಶುರು ಮಾಡಿ ಒಳಗೊಂದು ಪ್ರಶ್ನೆ ಇಟ್ಟರೆ, ಒಳಗಿನ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. 'ವೋ ದೇರ್ ಬಾನ್‌ಹೋಫ್ ಇಸ್ಟ್', ಎಲ್ಲಿ ಸ್ಟೇಷನ್ ಇದೆ. ಅಲ್ಲಿ ಅಪ್ಪಟ ಕನ್ನಡದ ಸಾಲು! ತುಂಡಾಗುವ ಜಾತಿಯವೂ ಅಲ್ಲಿ ಒಟ್ಟಿಗೇ ಇರುತ್ತವೆ. ಇದು ಗೊತ್ತಾದಾಗಿನಿಂದ ನಾನು ಎಲ್ಲವನ್ನೂ 'ದಯವಿಟ್ಟು ನನಗೆ ಹೇಳಲು ಸಾಧ್ಯವೇ' ಅಂತಲೇ ಶುರು ಮಾಡುತ್ತೇನೆ. ಪಾರ್ಕಿನಲ್ಲಿ ನಾಲ್ಕು ವರ್ಷದ ಹುಡುಗನಿಗೂ 'ಈ ಚೆಂಡು ಯಾರದೆಂದು ನನಗೆ ಹೇಳಲು ಸಾಧ್ಯವೇ' ಅಂದೆ. ಅವನು ಅಮ್ಮನ ಹಿಂದೆ ಹೋಗಿ ನಿಂತ. ಸ್ಟೇಷನ್ನಿನಲ್ಲಿ ಈ ರೈಲು ಏರ್‌ಪೋರ್ಟಿಗೆ ಹೋಗುತ್ತದೆಯೇ ಎಂದು ಹೇಳಲು ಸಾಧ್ಯವೇ ಅಂತ ಒಬ್ಬರನ್ನು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆಯಿಂದ ಅವರು ಹೌದು ಅಂತ ತಲೆಯಾಡಿಸಿದರು.

ಉತ್ತರದ್ದೂ ಒಂದು ಗೋಳಿದೆ. 'ಚೀಲ ಬೇಡ್ವಾ?' ಅಂತ ಕೇಳಿದರೆ ನಾವು 'ಹೂಂ' ಅಂತೀವಿ, ಹೂಂ ಬೇಡ ಅಂತ. ಇಲ್ಲಿ 'ಯಾ' ಅಂದರೆ ಅಂಗಡಿಯವಳು ಚೀಲವನ್ನು ಅರ್ಧ ಎತ್ತಿ ಹಿಡಿದು ನಿಂತುಬಿಡುತ್ತಾಳೆ. ಬೇಡ ಅಂದರೆ 'ನೈನ್', ಬೇಕೇ ಬೇಕು ಅಂದರೆ 'ದೋಖ್' ಅನ್ನಬೇಕಂತೆ. ಬೆಳಗಿನ ಬ್ರೆಡ್ಡಿಗೆ ಇಷ್ಟೆಲ್ಲ ಬೇಕಾ ಅಂತ ಅನಿಸುವಾಗ ಊರಿನ ಅಂಗಡಿ ನೆನಪಾಗುತ್ತದೆ. ಅಲ್ಲಿ ಶೆಟ್ಟರು ಹುಬ್ಬು ಎತ್ತಿದರೆ ಪ್ರಶ್ನೆ, ನಾನು ತಲೆ ಅಲ್ಲಾಡಿಸಿದರೆ ಉತ್ತರ. ಹೌದೋ ಅಲ್ಲವೋ ಅವರೇ ತಿಳಿದುಕೊಳ್ಳುತ್ತಿದ್ದರು. ಅಲ್ಲಾಡಿಸಿದ್ದನ್ನು ಯಾರೂ ತಿದ್ದಿ ವಾಪಸ್ ಕೊಟ್ಟಿದ್ದಿಲ್ಲ.

ನನ್ನ ಮಗಳಿಗೆ ಈ ಯಾವ ಕಷ್ಟವೂ ಇಲ್ಲ. ಇಲ್ಲಿಯ ಶಿಶುವಿಹಾರದಲ್ಲಿ ಬೆಳೆದವಳು, ಕ್ರಿಯಾಪದ ತಾನಾಗಿಯೇ ಮುಂದೆ ಬರುತ್ತದೆ. ಕನ್ನಡದಲ್ಲೂ. ಭಾನುವಾರ ಅರಸೀಕೆರೆಗೆ ವಿಡಿಯೋ ಕಾಲ್ ಮಾಡಿದಾಗ ತನ್ನ ಅಜ್ಜಿಯನ್ನು, ಅಂದರೆ ನನ್ನ ಅಮ್ಮನನ್ನು, ಕೇಳಿದಳು: 'ಬರ್ತೀಯಾ ನೀನು ಬೇಸಿಗೆಯಲ್ಲಿ ನಮ್ಮ ಮನೆಗೆ?'

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ವೀಸಾ ಕೊಟ್ಟರೆ ಬರ್ತೀನಿ ಪುಟ್ಟಿ' ಅಂದಳು.

'ಕೊಡ್ತಾರಾ ಅವರು ನಿನಗೆ ಅದನ್ನ?'

ಅಮ್ಮ 'ಫೋನು ಅಪ್ಪನ ಕಡೆ ತಿರುಗಿಸು' ಅಂದಳು. ಆಮೇಲೆ ದನಿ ತಗ್ಗಿಸಿ, 'ಲೋ, ಇವಳು ಕೇಳ್ತಿರೋದು ಪ್ರಶ್ನೆನಾ, ಪದ್ಯನಾ?'